ಬತ್ತಳಿಕೆಯಲ್ಲೊಂದು ಸೀಳು ಬಾಣ

ಬಾಣವನ್ನು ಕಬ್ಬಿಣದ ಮೇಜಿನ ಅಂಚಿಗೆ ಎರಡು ಸಲ ಕುಟ್ಟಿ, ಕೋಚ್ ಅದನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದಳು. ಟಿಕ್ ಎಂದು ಸಣ್ಣ ಸದ್ದಾಯಿತು. ಅವಳಿಗೆ ಬೇಕಾದದ್ದೂ ಅದೇ ಎಂದು ಕಾಣುತ್ತದೆ. ಬಾಣವನ್ನು ಎಡಗಡೆಯ ಗೂಟಕ್ಕೆ ತೂಗುಹಾಕಿದ್ದ ಬತ್ತಳಿಕೆಗೆ ಸೇರಿಸಿ, ಕೈ ಕೊಡವಿಕೊಂಡು, ಹಿಂಬಾಗಿಲಿನಿಂದ ಮೈದಾನಕ್ಕೆ ಹೋದಳು.

ಮಗಳು ಮರೆತುಬಂದ ತೋಳುಪಟ್ಟಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದ ತಾಯಿಯೊಬ್ಬಳು ಇದನ್ನು ನೋಡಿದಳು. ಎಡಗಡೆಯ ಗೂಟ ಅವಳ ಮಗಳದು.

ತಾಯಿ ಹೊಲಿಗೆ ಕೆಲಸದವಳು. ಬೆರಳುಗಳ ಬೆಲೆ ಗೊತ್ತಿದ್ದವಳು. ನಾಲ್ಕು ತಿಂಗಳ ಹಿಂದೆ, ತರಗತಿಯ ಮೊದಲ ದಿನ, ಹೆತ್ತವರನ್ನೂ ಕೂರಿಸಿಕೊಂಡು ಕೋಚ್ ಪಾಠ ಮಾಡಿದ್ದಳು. ಬಾಣ ಹೂಡದೆ ಹೆದೆ ಎಳೆದು ಬಿಡಬಾರದು, ಬಿಲ್ಲು ಒಡೆಯುತ್ತದೆ. ಗೆರೆ ದಾಟಬಾರದು. ಎಲ್ಲಕ್ಕಿಂತ ಮೊದಲು, ಪ್ರತಿ ಬಾಣವನ್ನೂ ಬಗ್ಗಿಸಿ ಸದ್ದು ಕೇಳಬೇಕು. ಕಾರ್ಬನ್ ಬಾಣದ ಸೀಳು ಕಣ್ಣಿಗೆ ಕಾಣುವುದಿಲ್ಲ. ಹೆದೆ ಬಿಟ್ಟ ಕ್ಷಣ ಚೂರುಚೂರಾಗಿ, ಬಿಲ್ಲು ಹಿಡಿದ ಕೈಗೇ ನುಗ್ಗುತ್ತದೆ. ಹಾಗೆಂದು ತನ್ನ ಎಡಗೈ ಎತ್ತಿ ತೋರಿಸಿದ್ದಳು.

“ಎಂಟು ಚೂರು ತೆಗೆದ್ರು. ಎರಡು ಬೆರಳು ಇವತ್ತಿಗೂ ಮಡಚೋಕೆ ಬರಲ್ಲ.”

ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು. ಅಷ್ಟು ಒರಟು ಹೊಲಿಗೆಯನ್ನು ತಾಯಿ ಗೋಣಿಚೀಲಕ್ಕೂ ಹಾಕುತ್ತಿರಲಿಲ್ಲ.

ಅಂಥವಳು ಬೇರೆಯವರ ಮಗುವಿಗೆ ಹೀಗೆ ಮಾಡುತ್ತಾಳೆಯೇ? ಯಾಕೆ ಮಾಡಬಾರದು? ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಇಂದಿನ ಪರೀಕ್ಷೆಗೆ ನಿಂತವರು ಇಬ್ಬರೇ. ಒಬ್ಬಳು ತನ್ನ ಮಗಳು, ಇನ್ನೊಬ್ಬಳು ಕೋಚ್‌ನ ಸ್ವಂತ ಮಗಳು.

ತಾಯಿ ಒಳಗೆ ನುಗ್ಗಿದಳು. ಕಲಿಸಿದಂತೆಯೇ ಒಂದೊಂದು ಬಾಣವನ್ನೂ ಬಗ್ಗಿಸಿದಳು. ಐದನೆಯದು ಟಿಕ್ ಎಂದಿತು.

ಅದನ್ನು ಕಸದ ಡಬ್ಬಿಗೆ ಹಾಕಿದ್ದರೆ ಸಾಕಿತ್ತು. ಆದರೆ ಭಯದ ಬೆನ್ನಿಗೇ ಸಿಟ್ಟು ಬಂದಿತ್ತು. ಸೀಳು ಬಾಣವನ್ನು ಬಲಗಡೆಯ ಗೂಟದ ಬತ್ತಳಿಕೆಗೆ, ಕೋಚ್‌ನ ಮಗಳದಕ್ಕೆ, ತುರುಕಿದಳು. ಅಲ್ಲಿಂದ ಸದ್ದು ಮಾಡದ ಒಂದನ್ನು ತೆಗೆದು ಮಗಳದಕ್ಕೆ ಹಾಕಿದಳು. ಎರಡರಲ್ಲೂ ಆರಾರು. ಆ ಇನ್ನೊಂದು ಮಗುವಿನ ಕೈ ನೆನಪಾಗಲಿಲ್ಲವೆಂದಲ್ಲ. ನೆನಪಾಗುವ ಹೊತ್ತಿಗೆ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗಿತ್ತು.

“ಯಾಕೆ, ಇಷ್ಟೊಂದು ಬೆವರ್ತಾ ಇದ್ದೀರಲ್ಲ?” ಕೋಚ್ ಹತ್ತಿರ ಬಂದಳು. “ಹೆದರಿಕೆ ಆಗ್ತಿದೆಯಾ?”

“ನಿಮಗೆ ಆಗ್ತಿಲ್ವಾ?”

“ಆಗದೆ ಏನು? ನನ್ನ ಮಗಳೂ ಇದ್ದಾಳಲ್ಲ.”

ಹುಡುಗಿಯರಿಬ್ಬರೂ ಬತ್ತಳಿಕೆಗಳಿದ್ದ ಕೋಣೆಯೊಳಗೆ ಹೋಗಿ, ಏನೋ ಪಿಸುಗುಟ್ಟಿಕೊಂಡು ನಗುತ್ತ ಹೊರಗೆ ಬಂದರು. ಮಗಳು ನಡೆಯುತ್ತಲೇ ಬತ್ತಳಿಕೆಯ ಪಟ್ಟಿಯನ್ನು ಎರಡು ತೂತು ಬಿಗಿದುಕೊಂಡಳು. ನಾಲ್ಕು ತಿಂಗಳಲ್ಲಿ ಸೊರಗಿಹೋಗಿದ್ದಾಳೆ ಎಂದುಕೊಂಡಳು ತಾಯಿ.

ಕೋಚ್ ಚಪ್ಪಾಳೆ ತಟ್ಟಿದಳು. “ಕೇಳ್ರಮ್ಮ. ಗುರಿ ಆಮೇಲೆ. ಎರಡು ಬತ್ತಳಿಕೆಯಲ್ಲೂ ಒಂದೊಂದು ಸೀಳು ಬಾಣ ಇಟ್ಟಿದ್ದೀನಿ, ನಾನೇ. ಹುಡುಕಿ ನನ್ನ ಕೈಗೆ ಕೊಟ್ಟವರು ಗೆರೆಗೆ ಹೋಗಿ ಮಿಕ್ಕಿದ್ದನ್ನ ಹೊಡೀಬಹುದು. ಕೊಡದವರು ಮನೆಗೆ.”

ಸೀಳು ಬಾಣವೇ ಪರೀಕ್ಷೆ! ತಾಯಿ ಕೈಯಾಡಿಸಿದ್ದು ಆ ಪರೀಕ್ಷೆಯಲ್ಲೇ. ಈಗ ಒಂದು ಬತ್ತಳಿಕೆಯಲ್ಲಿ ಸೀಳು ಬಾಣವೇ ಇಲ್ಲ, ಇನ್ನೊಂದರಲ್ಲಿ ಎರಡು. ಒಂದು ಸಿಕ್ಕ ಮೇಲೆ ಯಾವ ಮಗು ತಾನೇ ಉಳಿದವನ್ನು ಬಗ್ಗಿಸಿ ನೋಡುತ್ತದೆ? ಎದ್ದಳು. ಹೇಳಬೇಕು. ಹೇಳಿದರೆ ತನ್ನ ಜೊತೆ ಮಗಳ ಮಾನವೂ ಹೋಗುತ್ತದೆ, ಜಾಗವೂ ಹೋಗುತ್ತದೆ. ಕೂತಳು. ಕೋಚ್‌ನ ಮಗಳಲ್ಲವೇ, ಆರನ್ನೂ ನೋಡಿಯೇ ನೋಡುತ್ತಾಳೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

“ಸಿಕ್ತು ಮೇಡಂ!”

ಕೂಗಿದ್ದು ತನ್ನ ಮಗಳು! ಅದೂ ಎರಡನೆಯ ಬಾಣಕ್ಕೇ. ಕೋಚ್ ಅದನ್ನು ಕಿವಿಯ ಬಳಿ ಬಗ್ಗಿಸಿ, ತಲೆಯಾಡಿಸಿ, “ಭೇಷ್, ಹೋಗು ಗೆರೆಗೆ” ಎಂದಳು. ತಾಯಿಗೆ ಹೋದ ಜೀವ ಬಂದಂತಾಯಿತು. ಗಾಬರಿಯಲ್ಲಿ ತಾನು ತೆಗೆದದ್ದು ಬೇರೆ ಯಾವುದೋ ಬಾಣವಿರಬೇಕು. ಅಂದರೆ ಏನೂ ಆಗಿಲ್ಲ, ಯಾರಿಗೂ ಏನೂ ಆಗುವುದಿಲ್ಲ. ಕಣ್ಣು ಒರೆಸಿಕೊಂಡು, ಬೆನ್ನು ಬೆಂಚಿಗೆ ಒರಗಿಸಿದಳು.

ಕೋಚ್‌ನ ಮಗಳು ಮಾತ್ರ ಹುಲ್ಲಿನ ಮೇಲೆ ಕೂತು ಆರೂ ಬಾಣಗಳನ್ನು ಮೂರನೆಯ ಸಲ ಬಗ್ಗಿಸುತ್ತಿದ್ದಳು. ಅಳು ತುಟಿಯವರೆಗೆ ಬಂದಿತ್ತು. “ಇದ್ರಲ್ಲಿ ಇಲ್ಲಮ್ಮ.”

“ಸರಿಯಾಗಿ ನೋಡು. ಇಟ್ಟವಳು ನಾನು.” ಕೋಚ್ ನಿಟ್ಟುಸಿರು ಬಿಟ್ಟು, ತಾಯಿಯ ಕಡೆ ತಿರುಗಿ ದನಿ ತಗ್ಗಿಸಿದಳು. “ಅವಳದೇ ಬತ್ತಳಿಕೆ ಆಗಿದ್ರೆ ಇಷ್ಟೊತ್ತಿಗೆ ಹುಡುಕಿರೋಳು. ಪರೀಕ್ಷೆ ದಿನ ನಾವು ಮಕ್ಕಳಿಗೆ ಬತ್ತಳಿಕೆ ಅದಲುಬದಲು ಮಾಡಿಸ್ತೀವಿ. ಅವಳದು ಈಗ ನಿಮ್ಮ ಮಗಳ ಹತ್ರ ಇದೆ. ತಮ್ಮ ಸಾಮಾನು ಎಲ್ರೂ ನೋಡ್ಕೋತಾರೆ, ಇನ್ನೊಬ್ಬರದನ್ನ ಎಷ್ಟು ಜೋಪಾನವಾಗಿ ನೋಡ್ತಾರೆ ಅನ್ನೋದು ಮುಖ್ಯ.”

ಗೆರೆಯ ಮೇಲೆ ಮಗಳು, ಮಿಕ್ಕ ಐದರಲ್ಲಿ ಒಂದನ್ನು ಹೂಡಿ, ಹೆದೆಯನ್ನು ಗದ್ದದವರೆಗೆ ಎಳೆದಿದ್ದಳು.