ತಾತ ನೆನೆಹಾಕಿದ ಚೆಂಡು

ಒದ್ದೆ ತೊಗಲಿನ ವಾಸನೆ ಬಂದರೆ ನನಗೆ ಇವತ್ತಿಗೂ ಹಂಗಳದ ನಮ್ಮ ಕಪಿಲೆ ಬಾವಿ ನೆನಪಾಗುತ್ತದೆ.

ಬೆಳಿಗ್ಗೆ ಬಾವಿಯಿಂದ ನೀರೆತ್ತಲು ಕಪಿಲೆಯ ಎತ್ತು ಹೊಡೆದು, ಗುಂಡ್ಲುಪೇಟೆಯ ಹೈಸ್ಕೂಲಿಗೆ ನಡೆದು, ಸಂಜೆ ಫುಟ್‌ಬಾಲ್ ಆಡಿಕೊಂಡು ಬರುತ್ತಿದ್ದ ಕಾಲ ಅದು. ಸ್ಕೂಲಿಗೆಲ್ಲ ಒಂದೇ ಚೆಂಡು. ಚಾಮರಾಜನಗರದ ಹುಡುಗರ ಜೊತೆ ಪಂದ್ಯವಿದ್ದ ವಾರ ಅದನ್ನು ನೋಡಿಕೊಳ್ಳುವ ಸರದಿ ನನ್ನದಾಗಿತ್ತು. ಚೆಂಡೋ, ಒಣಗಿ ಕೊರಡಾಗಿತ್ತು.

ಪಂದ್ಯದ ದಿನ ಬೆಳಿಗ್ಗೆ ತಾತ ಅದನ್ನು ತಟ್ಟಿ ನೋಡಿದ. "ತೊಗಲು ಒಣಗುದ್ರೆ ಬಿರೀತದೆ ಕಣ್ಲಾ. ನೀರು ಕುಡಿಸ್ಬೇಕು," ಎಂದವನೇ, ಕಪಿಲೆಯ ತೊಗಲಿನ ಚೀಲದ ಜೊತೆಗೆ ಅದನ್ನೂ ತೊಟ್ಟಿಯಲ್ಲಿ ನೆನೆಹಾಕಿಬಿಟ್ಟ. ತಾತನ ಮಾತು ಎಂದಾದರೂ ಸುಳ್ಳಾದದ್ದುಂಟೇ? ಮಧ್ಯಾಹ್ನ ನೀರು ಸೋರುತ್ತಿದ್ದ ಚೆಂಡನ್ನು ಹೆಗಲ ಮೇಲೆ ಹೊತ್ತುಕೊಂಡು ಸ್ಕೂಲಿನ ಮೈದಾನಕ್ಕೆ ಹೋದೆ.

"ಇದೇನ್ಲಾ, ಚೆಂಡೋ ಕುಂಬಳಕಾಯೋ? ಯಾರ್ಲಾ ನೆನೆಹಾಕಿದ್ದು?" ಡ್ರಿಲ್ ಮೇಷ್ಟ್ರು ಗುಡುಗಿದರು.

"ನಾನೇ ಸಾ."

"ಅಂಗಾದ್ರೆ ನೀನೇ ಒದ್ದು ಗೋಲಿಗೆ ಸೇರ್ಸು. ಆಗ್ದಿದ್ರೆ ಇವತ್ತು ಆಚೆ ಕೂತ್ಕೊ."

ಬರಿಗಾಲಲ್ಲಿ ಒದ್ದೆ. ಚೆಂಡು ನಾಲ್ಕು ಮಾರು ಹೋಗಿ ಕೂತಿತು. ಚಾಮರಾಜನಗರದವರು ಹೊಟ್ಟೆ ಹಿಡಿದು ನಕ್ಕರು. "ಇನ್ನೊಂದ್ಸಲ ಸಾ," ಎಂದೆ. ಮತ್ತೂ ಒಂದು ಸಲ. ಐದನೆಯ ಒದೆತಕ್ಕೆ ಅದು ತೆವಳಿಕೊಂಡು ಗೋಲಿನೊಳಗೆ ಹೋಯಿತು.

"ಸರಿ, ನಡಿ ಒಳಕ್ಕೆ," ಎಂದರು ಮೇಷ್ಟ್ರು.

ಸಂಜೆ ಮನೆಗೆ ಬಂದಾಗ ತಾತ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. "ಚೆಂಡು ಎಂಗಿತ್ಲಾ?"

"ಬೆಣ್ಣೆ ಇದ್ದಂಗಿತ್ತು ತಾತ," ಎಂದೆ, ಊದಿದ ಪಾದವನ್ನು ಹುಲ್ಲಿನೊಳಗೆ ಮೆಲ್ಲಗೆ ತೂರಿಸುತ್ತ.