ಪೇಟೆಬೀದಿಯ ಮೊದಲ ಫೋಟೋ

"ನಮ್ಮೂರಿನ ಗಿಜಿಗಿಜಿ ಕಂಡು ರೈಲು ಕಂಪನಿಯವರು ಇಲ್ಲಿಗೇ ಹಳಿ ಹಾಕಬೇಕು, ಅಂಥ ಫೋಟೋ ತೆಗೆಯಿರಿ," ಎಂದು ಅಮೆರಿಕದ ಒಂದು ಹೊಸ ನಗರದ ಮೇಯರು ಹೇಳಿದಾಗ ಫೋಟೋಗ್ರಾಫರ್ ಎಲಿಹು ಹಿಗ್ಗಿನಿಂದ ಒಪ್ಪಿದ. ಆ ಸೀಮೆಗೆ ಕ್ಯಾಮೆರಾ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಸಂತೆಯ ದಿನ ಹೋಟೆಲಿನ ಮಾಳಿಗೆ ಹತ್ತಿ, ಪೇಟೆಬೀದಿಯತ್ತ ಕ್ಯಾಮೆರಾ ತಿರುಗಿಸಿಟ್ಟು, ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತ.

ಕ್ಯಾಮೆರಾದೊಳಗಿನ ಬೆಳ್ಳಿಯ ತಗಡಿನ ಮೇಲೆ ಚಿತ್ರ ಮೂಡಿದಾಗ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಅಂಗಡಿಗಳೆಲ್ಲ ಇದ್ದವು, ಜನರಿಲ್ಲ, ಕುದುರೆಯಿಲ್ಲ, ಒಂದು ಗಾಡಿಯೂ ಇಲ್ಲ.

"ಇದೇನ್ರೀ, ಸ್ಮಶಾನದ ಹಾಗಿದೆ! ಅಷ್ಟು ಜನ ಎಲ್ಲಿ ಹೋದರು?" ಮೇಯರು ಕೆಂಡವಾದರು.

"ನನ್ನ ತಪ್ಪಲ್ಲ ಸ್ವಾಮಿ. ಹತ್ತು ನಿಮಿಷ ಅಲುಗಾಡದೆ ಇದ್ದವರು ಮಾತ್ರ ಇದರಲ್ಲಿ ಮೂಡುತ್ತಾರೆ. ಓಡಾಡುವವರೆಲ್ಲ ಅಳಿಸಿಹೋಗುತ್ತಾರೆ."

ಮೇಯರು ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದರು. ಬೀದಿಯ ಮೂಲೆಯಲ್ಲಿ ಏಳು ಮಂದಿ, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ನಿಂತಿದ್ದರು.

"ಸದ್ಯ, ಇವರಾದರೂ ಮಾನ ಉಳಿಸಿದರು! ಯಾರು ಇವರು?"

ಎಲಿಹು ತಲೆ ತಗ್ಗಿಸಿದ. "ನಿಮ್ಮ ನಗರಸಭೆಯ ಕೆಲಸಗಾರರೇ, ಸ್ವಾಮಿ. ರಸ್ತೆ ರಿಪೇರಿ ಮಾಡುತ್ತಿದ್ದರು."