ಹೊಸ ವೈಫೈ ಕಾರ್ಡು

ಹಳೇ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದ ರಿಪೇರಿಯವನು ಹೆಬ್ಬೆರಳಗಲದ ಕಾರ್ಡೊಂದನ್ನು ಕಿತ್ತು ತೋರಿಸಿದ.

“ವೈಫೈ ಕಾರ್ಡು. ಇದೇ ಕೆಟ್ಟಿರೋದು. ಹದಿನೈದು ನಿಮಿಷ ಚೆನ್ನಾಗಿರುತ್ತೆ, ಬಿಸಿಯಾದ ತಕ್ಷಣ ಕೈಕೊಡುತ್ತೆ.”

“ಅದಕ್ಕೇ ಮೂರು ಇಂಟರ್‌ವ್ಯೂನೂ ಅರ್ಧಕ್ಕೇ ಕಟ್ಟಾಯ್ತು!” ಅವಳು ಗಂಡನ ತೋಳು ಹಿಡಿದಳು. “ನನ್ನ ಹಣೆಬರಹ ಅಂದ್ಕೊಂಡಿದ್ದೆ ಕಣ್ರೀ.”

ರಿಪೇರಿಯವನು ಹೊಸ ಕಾರ್ಡು ಹಾಕಿ, ಅರ್ಧ ಗಂಟೆ ವಿಡಿಯೊ ಓಡಿಸಿ ನೋಡಿದ. ಒಂದು ಸಲವೂ ನಿಲ್ಲಲಿಲ್ಲ. ಅವಳ ಕಣ್ಣು ತುಂಬಿತು.

“ನಾಳೆ ಹನ್ನೊಂದಕ್ಕೆ ಇನ್ನೊಂದು ಇಂಟರ್‌ವ್ಯೂ ಇದೆ ಅಣ್ಣಾ. ಆರು ವರ್ಷ ಮನೇಲೇ ಇದ್ದೆ. ಇವರೇ ಧೈರ್ಯ ತುಂಬಿದ್ದು.”

ಗಂಡ ಅವಳ ತಲೆ ಸವರಿದ. “ನೀನು ಎದುರಿನ ಗುಡಿಗೆ ಮೂರು ಸುತ್ತು ಹಾಕಿ ಕೈಮುಗಿದು ಬಾ. ಅಷ್ಟರಲ್ಲಿ ಪ್ಯಾಕ್ ಮಾಡಿಸಿರ್ತೀನಿ.”

ಅವಳು ರಸ್ತೆ ದಾಟಿದಳು. ರಿಪೇರಿಯವನು ಹಳೇ ಕಾರ್ಡನ್ನು ಪುಟ್ಟ ಕವರಿಗೆ ಹಾಕಿ ಗಂಡನ ಕೈಗಿಟ್ಟ.

“ಬಿಚ್ಚಿದ ಪಾರ್ಟನ್ನ ನಾವು ಇಟ್ಕೊಳ್ಳಲ್ಲ ಸಾರ್. ಆಮೇಲೆ ಬದಲಾಯಿಸೇ ಇಲ್ಲ ಅಂತ ಜನ ಅನುಮಾನ ಪಡ್ತಾರೆ.”

ಗಂಡ ಒಮ್ಮೆ ರಸ್ತೆಯಾಚೆ ನೋಡಿದ. ಕವರಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

“ಬೇಗ ಇದನ್ನೇ ವಾಪಸ್ ಹಾಕಿ. ಅವಳು ಮೂರು ಸುತ್ತು ಮುಗಿಸಿ ಬಂದುಬಿಡ್ತಾಳೆ.”